ಒಲೆಯ ಮೂಲೆ, ದೇವರ ಮೂಲೆ

ರಷ್ಯಾದ ಅಜ್ಜಿಕಥೆಗಳಲ್ಲಿ ‘ಮೊರೊಜ್ಕೊ’ ಸ್ವಲ್ಪ ಇರಿಸುಮುರಿಸು ಹುಟ್ಟಿಸುವ ಕಥೆ. ಹೆಂಡತಿಗೆ ಎದುರಾಡಲಾರದ ಮುದುಕನೊಬ್ಬ ಮೊದಲ ಹೆಂಡತಿಯ ಮಗಳನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು ಹೋಗಿ, ಕೊರೆಯುವ ಚಳಿಯಲ್ಲಿ ಕಾಡಿನ ನಡುವೆ ಬಿಟ್ಟು ಬರುತ್ತಾನೆ. ಮರದಿಂದ ಮರಕ್ಕೆ ಚಟಪಟ ಸದ್ದು ಮಾಡುತ್ತ ಹಿಮದ ಒಡೆಯ ಮೊರೊಜ್ಕೊ ಬಂದು, ಬೆಚ್ಚಗಿದ್ದೀಯಾ ಎಂದು ವಿಚಾರಿಸುತ್ತಾನೆ. ಹುಡುಗಿಯ ಉಸಿರು ಹೆಪ್ಪುಗಟ್ಟುತ್ತಿದೆ, ಆದರೂ ಬೆಚ್ಚಗಿದ್ದೇನೆ ಅನ್ನುತ್ತಾಳೆ. ಮತ್ತೆ ಕೇಳಿದರೂ ಅದೇ ಉತ್ತರ. ಅವನು ಮೆಚ್ಚಿ ತುಪ್ಪಳದ ಕೋಟು, ಪೆಟ್ಟಿಗೆ ತುಂಬ ಬಳುವಳಿ ಕೊಟ್ಟು ಕಳಿಸುತ್ತಾನೆ. ಆಸೆಬಿದ್ದ ಮಲತಾಯಿ ಹೆತ್ತ ಮಗಳನ್ನೂ ಕಾಡಿಗೆ ಅಟ್ಟುತ್ತಾಳೆ. ಅವಳೋ ಚಳಿಯಿಂದ ಸಾಯುತ್ತಿದ್ದೇನೆ, ತೊಲಗು ಎಂದು ಬೈದು ಅಲ್ಲೇ ಹೆಣವಾಗುತ್ತಾಳೆ. ಸುಳ್ಳು ಹೇಳಿದವಳಿಗೆ ಹೊನ್ನು, ನಿಜ ಹೇಳಿದವಳಿಗೆ ಸಾವು! ಅಲೆಕ್ಸಾಂಡರ್ ಅಫನಾಸ್ಯೆವ್ 1855ರಿಂದ ಕಂತುಕಂತಾಗಿ ಪ್ರಕಟಿಸಿದ ಜನಪದ ಕಥಾಸಂಗ್ರಹದಲ್ಲಿ ಇದು ಸೇರಿದೆ. ಮಕ್ಕಳಿಗೆ ವಿನಯ ಕಲಿಸುವ ಕಥೆಯೆಂದೇ ಇದಕ್ಕೆ ಹೆಸರು.

ಇಂಥ ಕಥೆಯನ್ನು ಇವತ್ತು ಮತ್ತೆ ಹೇಳಹೊರಟವರು ಆ ಉತ್ತರದೊಂದಿಗೆ ಜಗಳಕ್ಕಿಳಿಯಲೇಬೇಕು. ಕ್ಯಾಥರೀನ್ ಆರ್ಡನ್ ಅವರ ‘ದಿ ಬೇರ್ ಅಂಡ್ ದಿ ನೈಟಿಂಗೇಲ್’ (2017) ನನಗೆ ಹಿಡಿಸಿದ್ದು ಅದಕ್ಕೇ. ಆರ್ಡನ್ ಅಮೆರಿಕದ ಟೆಕ್ಸಸ್‌ನವರು. ಮಾಸ್ಕೋದಲ್ಲಿದ್ದು, ರಷ್ಯನ್ ಭಾಷೆಯನ್ನು ಕಾಲೇಜಿನಲ್ಲಿ ಓದಿ, ಆಮೇಲೆ ಹವಾಯಿಯ ತೋಟವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಈ ಕಾದಂಬರಿ ಬರೆಯತೊಡಗಿದರಂತೆ. ಓದುವಾಗ ಬೆರಳು ಮರಗಟ್ಟುವಂಥ ಈ ಚಳಿ ಹವಾಯಿಯ ಬಿಸಿಲಲ್ಲಿ ಹುಟ್ಟಿತೆಂದರೆ ನಂಬುವುದು ಕಷ್ಟ.

ಕಾಲ ಹದಿನಾಲ್ಕನೆಯ ಶತಮಾನ. ಮಾಸ್ಕೋ ಇನ್ನೂ ತಾತಾರರಿಗೆ ಕಪ್ಪ ಕೊಡುತ್ತಿದ್ದ ಮರದ ಊರು. ಅಲ್ಲಿಂದ ಬಹು ದೂರ, ಉತ್ತರದ ಕಾಡಂಚಿನ ಹಳ್ಳಿಯೊಂದರಲ್ಲಿ ಪ್ಯೋತರ್ ಎಂಬ ಜಮೀನ್ದಾರ. ಚಳಿಗಾಲದ ಒಂದು ರಾತ್ರಿ ಮುದಿ ದಾದಿ ದೂನ್ಯಾ ಒಲೆಯ ಬಳಿ ಮಕ್ಕಳಿಗೆ ಮೊರೊಜ್ಕೊನ ಕಥೆ ಹೇಳುವುದರಿಂದಲೇ ಕಾದಂಬರಿ ಶುರು. ಆಗಿನ್ನೂ ಹುಟ್ಟದಿದ್ದ ಕೊನೆಯ ಮಗಳು ವಾಸ್ಯಾ ಮುಂದೆ ಆ ಕಥೆಯೊಳಕ್ಕೇ ನಡೆದುಹೋಗುತ್ತಾಳೆ. ಅವಳನ್ನು ಹೆತ್ತು ತಾಯಿ ತೀರಿಕೊಳ್ಳುತ್ತಾಳೆ, ಮಾಸ್ಕೋದಿಂದ ಮಲತಾಯಿ ಬರುತ್ತಾಳೆ. ಇಷ್ಟು ಹಳೆಯ ದಾರಿ.

ರಷ್ಯಾದ ಹಳ್ಳಿಮನೆಯ ಒಳವಿನ್ಯಾಸ ಒಂದಿಷ್ಟು ಗೊತ್ತಿದ್ದರೆ ಈ ಕಾದಂಬರಿ ಬೇರೆಯೇ ಆಗಿ ತೆರೆದುಕೊಳ್ಳುತ್ತದೆ. ಒಂದು ಮೂಲೆಯಲ್ಲಿ ದೊಡ್ಡ ಒಲೆ. ಅಡುಗೆ ಅದರಲ್ಲೇ, ಮುದುಕರು ಮಕ್ಕಳು ಮಲಗುವುದು ಅದರ ಮೇಲೇ. ಮನೆ ಕಾಯುವ ದೊಮೊವೊಯ್ ಎಂಬ ಗಡ್ಡದ ಕುಳ್ಳನ ವಾಸವೂ ಅಲ್ಲೇ. ಒಲೆಗೆ ಕರ್ಣರೇಖೆಯಲ್ಲಿ, ಎದುರು ಮೂಲೆಯಲ್ಲಿ, ಕ್ರಿಸ್ತನ ಮತ್ತು ಸಂತರ ಐಕಾನ್‌ಗಳಿರುವ ದೇವರ ಮೂಲೆ. ಮನೆಯಾಕೆ ಅಲ್ಲಿ ದೀಪ ಹಚ್ಚಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ, ಆಮೇಲೆ ಒಲೆಯ ಪಕ್ಕ ಹಾಲು ರೊಟ್ಟಿಯ ಎಡೆ ಇಡುತ್ತಾಳೆ. ಇದನ್ನು ಎರಡು ನಂಬಿಕೆಗಳ ಬೆರಕೆ ಎಂದು ಬೈದವರು ಪಾದ್ರಿಗಳು. ಎಡೆ ಇಡುವವಳಿಗೆ ಅದೆಲ್ಲ ಒಂದೇ ಮನೆಯ ಕೆಲಸ.

ಆರ್ಡನ್ ಅವರ ಕಥೆ ಪೂರ್ತಿ ಈ ಎರಡು ಮೂಲೆಗಳ ನಡುವೆ ನಡೆಯುತ್ತದೆ. ಒಲೆಯ ದೊಮೊವೊಯ್, ಲಾಯದ ವಜಿಲಾ, ನೀರಿನ ರುಸಾಲ್ಕಾ ಎಲ್ಲರೂ ವಾಸ್ಯಾಳ ಕಣ್ಣಿಗೆ ಕಾಣುತ್ತಾರೆ. ಅವಳು ಅವರೊಂದಿಗೆ ಮಾತಾಡುತ್ತಾಳೆ, ಕುದುರೆಗಳ ಭಾಷೆ ಕಲಿಯುತ್ತಾಳೆ. ಮಾಸ್ಕೋದಿಂದ ಬಂದ ಪಾದ್ರಿ ಕೊನ್ಸ್ತಾಂತಿನ್ ಐಕಾನ್ ಬರೆಯುವ ಕಲಾವಿದ, ಸುಂದರಾಂಗ, ಅಹಂಕಾರಿ. ದೇವರ ಮೂಲೆ ಒಂದೇ ಸಾಕು ಎಂದು ಅವನು ಉಪದೇಶಿಸುತ್ತಾನೆ. ಜನ ಹೆದರಿ ಎಡೆ ನಿಲ್ಲಿಸುತ್ತಾರೆ. ಎಡೆಯಿಲ್ಲದೆ ಮನೆಯ ಕಾವಲುಗಾರರು ಸೊರಗುತ್ತಾರೆ, ಬೆಳೆ ಕೈಕೊಡುತ್ತದೆ, ಚಳಿ ಏರುತ್ತದೆ, ಸತ್ತವರು ಎದ್ದು ಬರತೊಡಗುತ್ತಾರೆ. ಕಾಡಿನಲ್ಲಿ ಕಟ್ಟಿಹಾಕಿದ್ದ ಕರಡಿ ಮೆದ್ವೆದ್‌ಗೆ ಬೇಕಾದದ್ದೂ ಈ ಭಯವೇ, ಅವನ ಆಹಾರವೇ ಅದು. ಮಾಯೆಯ ಕಾದಂಬರಿಗಳಲ್ಲಿ ಮಂತ್ರಶಕ್ತಿ ಎಲ್ಲಿಂದ ಬಂತೆಂದು ಕೇಳಿದರೆ ಬಹಳ ಸಲ ಉತ್ತರವಿರುವುದಿಲ್ಲ. ಇಲ್ಲಿ ಒಂದು ಬಟ್ಟಲು ಹಾಲಿನ ತನಕ ಲೆಕ್ಕ ಸಿಗುತ್ತದೆ.

ಪುಸ್ತಕದ ನಿಜವಾದ ಸಾಧನೆ ಮಾತ್ರ ಮಲತಾಯಿ ಅನ್ನಾ ಇವಾನೋವ್ನಾ. ಮಾಸ್ಕೋದ ಮಹಾರಾಜಕುಮಾರನ ಮಗಳಾದ ಅವಳಿಗೆ ಬೇಕಿದ್ದದ್ದು ಸನ್ಯಾಸಿನಿಯರ ಮಠ, ಕೊಟ್ಟದ್ದು ಗಂಡನನ್ನು. ಮಠವೇ ಬೇಕೆನಿಸಿದ್ದು ಏಕೆಂದರೆ, ವಾಸ್ಯಾಳಂತೆ ಅವಳಿಗೂ ಆ ಜೀವಿಗಳು ಕಾಣುತ್ತಾರೆ, ಅವಳು ಮಾತ್ರ ಅವರನ್ನು ದೆವ್ವಗಳೆಂದು ತಿಳಿದಿದ್ದಾಳೆ. ಚರ್ಚಿನೊಳಗೆ ಅವರು ಕಾಣಿಸದ ಕಾರಣ ಅಲ್ಲೊಂದೇ ಕಡೆ ಅವಳಿಗೆ ಉಸಿರಾಟ. ಒಂದೇ ಬಗೆಯ ಕಣ್ಣು ಪಡೆದ ಇಬ್ಬರು ಹೆಂಗಸರಲ್ಲಿ ಒಬ್ಬಳು ದೊಮೊವೊಯ್‌ಗೆ ರೊಟ್ಟಿ ಕೊಡುತ್ತಾಳೆ, ಇನ್ನೊಬ್ಬಳು ಅವನನ್ನು ಕಂಡು ಚೀರುತ್ತಾಳೆ. ಮೂಲ ಕಥೆಯ ಮಲತಾಯಿಗೆ ದುಷ್ಟತನ ಬಿಟ್ಟರೆ ಬೇರೆ ಕಾರಣವಿರಲಿಲ್ಲ, ಅನ್ನಾಳ ಕ್ರೌರ್ಯಕ್ಕೆ ಬೇರಿದೆ. ಅವಳು ಬರುವ ಪುಟಗಳಲ್ಲಿ ನನ್ನ ಸಹಾನುಭೂತಿ ವಾಸ್ಯಾಳನ್ನು ಬಿಟ್ಟು ಆ ಕಡೆ ವಾಲಿದ್ದೂ ಉಂಟು. ಲೇಖಕಿ ಅವಳಿಗೆ ಇನ್ನಷ್ಟು ಪುಟ ಕೊಡಬೇಕಿತ್ತು.

ವಾಸ್ಯಾಳ ಮುಂದಿರುವುದು ಎರಡೇ: ಮದುವೆ ಅಥವಾ ಮಠ. ಎರಡನ್ನೂ ಒಲ್ಲೆ ಎಂದು ಅವಳು ಕಾಡಿಗೆ ನಡೆಯುತ್ತಾಳೆ. ಹಳೆಯ ಕಥೆಯ ಹುಡುಗಿಯನ್ನು ಅಪ್ಪ ಬಂಡಿಯಲ್ಲಿ ಒಯ್ದು ಬಿಟ್ಟಿದ್ದ, ಇವಳು ತಾನಾಗಿ ಹೋಗುತ್ತಾಳೆ. ಹಿಮದೊಡೆಯನಿಗೆ ಇವಳು ಕೊಡುವ ಉತ್ತರದಲ್ಲಿ ವಿಧೇಯತೆ ಇಲ್ಲ, ಹಟವಿದೆ. ಜಗಳಕ್ಕಿಳಿದದ್ದು ಸಾರ್ಥಕವಾಯಿತು ಅನ್ನಿಸುವುದು ಇಲ್ಲಿ.

ದೂರುಗಳೂ ಇವೆ. ಮನೆಯೊಳಗೆ ಇರುವಷ್ಟು ಹೊತ್ತು ಆರ್ಡನ್ ಅವರ ಕೈ ಪಳಗಿದ್ದು. ಕೊನೆಯಲ್ಲಿ ಕಾಡಿನ ಬಯಲಿನಲ್ಲಿ ಕರಡಿಯೊಂದಿಗೆ ಕಾದಾಟ ಶುರುವಾದಾಗ, ಯಾವ ಸಾಹಸ ಕಾದಂಬರಿಯಿಂದಲೂ ಎತ್ತಿಡಬಹುದಾದ ಗದ್ದಲ. ನೂರಾರು ಪುಟ ನಿಧಾನವಾಗಿ ಕುದಿಸಿದ್ದನ್ನು ಕೆಲವೇ ಪುಟಗಳಲ್ಲಿ ಚೆಲ್ಲಿಬಿಡುತ್ತಾರೆ. ಮೊರೊಜ್ಕೊ ಕೂಡ ಮಸುಕು ಕಣ್ಣಿನ ಚೆಲುವನಾಗಿ, ಮುಂದಿನ ಭಾಗಗಳ ಪ್ರೇಮಿಯಾಗುವ ತಯಾರಿಯಲ್ಲಿರುತ್ತಾನೆ. ನನಗೆ ಮರಗಳ ನಡುವೆ ಚಟಪಟಿಸುವ ಹಳೆಯ ಮುದುಕನೇ ಹೆಚ್ಚು ಭಯಾನಕ. ಕೊನ್ಸ್ತಾಂತಿನ್ ಒಬ್ಬನನ್ನೇ ನೋಡಿದರೆ ಚರ್ಚೇ ಖಳನಾಯಕ ಅನ್ನಿಸಿಬಿಡುವ ಅಪಾಯವಿದೆ. ವಾಸ್ಯಾಳ ಅಣ್ಣ ಸಾಶಾ ಸಂತ ಸೆರ್ಗಿಯ್ ಅವರ ಮಠ ಸೇರುವ ಎಳೆಯಿಂದಾಗಿ ತಕ್ಕಡಿ ತುಸು ಸರಿಯಾಗುತ್ತದೆ.

ಒಂದು ಕಾಲಕ್ಕೆ ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಓದಿ ಬೆಳೆದವರಿಗೆ ರಷ್ಯನ್ ಕಥೆಗಳ ಬಾಬಾ ಯಾಗಾ, ವಾಸಿಲಿಸಾ ಹೊಸಬರಲ್ಲ. ಅಂಥವರು ಮೊದಲು ಮೂರು–ನಾಲ್ಕು ಪುಟಗಳ ಹಳೆಯ ‘ಮೊರೊಜ್ಕೊ’ ಕಥೆಯನ್ನು ಹುಡುಕಿ ಓದಿ, ಆಮೇಲೆ ಈ ಕಾದಂಬರಿ ಹಿಡಿಯಲಿ. ರಷ್ಯನ್ ಹೆಸರುಗಳು ಮೊದಲ ಐವತ್ತು ಪುಟ ಕಾಡುತ್ತವೆ. ಕಥಾನಾಯಕಿ ಒಬ್ಬಳೇ ವಾಸಿಲಿಸಾ, ವಾಸ್ಯಾ, ವಾಸೊಚ್ಕಾ ಎಲ್ಲವೂ ಆಗುತ್ತಾಳೆ, ಗಾಬರಿ ಬೇಡ. ಇದು ತ್ರಿವಳಿಯ ಮೊದಲ ಭಾಗ. ಎರಡನೆಯದರಲ್ಲಿ ವಾಸ್ಯಾ ಗಂಡುವೇಷದಲ್ಲಿ ಮಾಸ್ಕೋಗೆ ಹೋಗುತ್ತಾಳೆ, 2019ರಲ್ಲಿ ಬಂದ ಮೂರನೆಯದು 1380ರ ಕುಲಿಕೊವೊ ಯುದ್ಧದವರೆಗೆ ಸಾಗುತ್ತದೆ. ಸಮಯ ಕಡಿಮೆಯಿದ್ದವರು ಮೊದಲನೆಯದಕ್ಕೇ ನಿಲ್ಲಿಸಬಹುದು, ಕಥೆ ಅರ್ಧಕ್ಕೆ ಕೈಬಿಟ್ಟ ಹಾಗೆ ಅನ್ನಿಸುವುದಿಲ್ಲ.