ದಯಾಮರಣವೆಂಬ ಹೆಸರೂ ದಾದಿಯ ಕರೆಯೂ

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯು ಹೊರಡಿಸಿದ ಸುತ್ತೋಲೆ, ಸರ್ವೋಚ್ಚ ನ್ಯಾಯಾಲಯದ 2018 ಮತ್ತು 2023ರ ಆದೇಶಗಳನ್ನು ಜಾರಿಗೊಳಿಸುವ ಪ್ರಯತ್ನ. ಗುಣವಾಗುವ ಭರವಸೆಯಿಲ್ಲದ ರೋಗಿಗೆ ನೀಡುತ್ತಿರುವ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ದೀರ್ಘ ಹೋರಾಟವನ್ನು ಬಲ್ಲ ಜನರು ಇದನ್ನು 'ದಯಾಮರಣ'ವೆಂದೇ ಕರೆದರು. ಈ ಹೆಸರೇ ನಮ್ಮ ವಿಮರ್ಶೆಯ ವಿಷಯ.

ಚಿಕಿತ್ಸೆಯನ್ನು ನಿಲ್ಲಿಸುವುದು ಬೇರೆ, ಸಾವನ್ನು ಕೊಡುವುದು ಬೇರೆ. ಕೆನಡಾದಲ್ಲಿ 2016ರಿಂದ ವೈದ್ಯರೂ ವಿಶೇಷ ಅಧಿಕಾರವುಳ್ಳ ನರ್ಸುಗಳೂ ರೋಗಿಯ ಕೋರಿಕೆಯ ಮೇಲೆ ಸಾವಿನ ಔಷಧಿಯನ್ನು ನೀಡಬಲ್ಲರು. ನಮ್ಮ ಸುತ್ತೋಲೆ ಅದಕ್ಕೆ ಎಡೆಗೊಡುವುದಿಲ್ಲ. ಉಪಶಾಮಕ ಆರೈಕೆಯು ಸಾವನ್ನು ತ್ವರೆಗೊಳಿಸಲೂ ಮುಂದೂಡಲೂ ಉದ್ದೇಶಿಸದೆಂದು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿತು. ಆರೈಕೆದಾರರ ವೃತ್ತಿಯ ಗುರುತು ನಿಂತಿರುವುದು ಈ ಮಾತಿನ ಮೇಲೆಯೇ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ, ನೋವಿಗೆ ಮಾರ್ಫಿನ್ ಕೊಡುವ ದಾದಿಯ ಕೈಯನ್ನೇ ಮನೆಯವರು ಸಂಶಯದಿಂದ ನೋಡುತ್ತಾರೆ.

ದೋಷ ಪತ್ರಿಕೆಗಳದ್ದು ಮಾತ್ರವಲ್ಲ. ಜೀವದ ಪಾವಿತ್ರ್ಯವನ್ನು ಬೋಧಿಸುವ ಭರದಲ್ಲಿ ನಾವೂ ವೆಂಟಿಲೇಟರ್ ತೆಗೆಯುವುದನ್ನು ಕೊಲೆಯೊಡನೆ ಸಮೀಕರಿಸುತ್ತೇವೆ. 1957ರಲ್ಲೇ ಹನ್ನೆರಡನೆಯ ಪಯಸ್ ಪೋಪರು ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸುವ ಕಡ್ಡಾಯವಿಲ್ಲವೆಂದು ಅರಿವಳಿಕೆ ತಜ್ಞರಿಗೆ ತಿಳಿಸಿದ್ದರು. ಈ ವಿವೇಕವನ್ನು ಪೀಠದಿಂದ ಹೇಳದಿದ್ದರೆ, ನಮ್ಮ ಸಭೆಯ ದಾದಿಯರು ಮಾಡದ ಪಾಪದ ಭಾರವನ್ನು ಹೊತ್ತು ಕೆಲಸ ಮಾಡುತ್ತಾರೆ.

ಬಾಗಲಕೋಟೆ ಸೀಮೆಯಲ್ಲಿ ಪ್ರಶ್ನೆ ಇನ್ನೂ ಕಠಿಣ. ಇಳಕಲ್ಲಿನ ನೇಕಾರನ ಮನೆಯಲ್ಲಾಗಲಿ ಬಾದಾಮಿಯ ಕೂಲಿಕಾರನ ಮನೆಯಲ್ಲಾಗಲಿ ಹಣ ತೀರಿದರೆ, ಮಂಡಳಿ ಸೇರುವ ಮುನ್ನವೇ ಬಡತನ ತೀರ್ಪು ಕೊಟ್ಟಿರುತ್ತದೆ. ರೋಗಿಯನ್ನು ಮನೆಗೆ ಕರೆತರುತ್ತಾರೆ. ಅಲ್ಲಿ ನೋವಿಗೆ ಔಷಧಿ ಯಾರು ಕೊಡಬೇಕು? ಹುಣ್ಣನ್ನು ಯಾರು ತೊಳೆಯಬೇಕು? ಮಾದಕವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾರ್ಫಿನ್ ನಿಯಮಗಳು ಸಡಿಲಗೊಂಡವು. ಆದರೆ ಔಷಧಿ ತಾನಾಗಿ ಹಳ್ಳಿಗೆ ನಡೆದು ಬರುವುದಿಲ್ಲ. ಹುನಗುಂದದ ನೆರೆಯ ಕೂಡಲಸಂಗಮದ ನೆನಪಿರುವ ಈ ನಾಡಿನಲ್ಲಿ 'ದಯೆ' ಹಗುರವಾದ ಪದವಲ್ಲ. ಅದನ್ನು ಮರಣಕ್ಕೆ ಬಿಟ್ಟುಕೊಡದೆ ಆರೈಕೆಗೆ ಮರಳಿಸಬೇಕು.

ಗೆತ್ಸೆಮನೆಯಲ್ಲಿ ಕರ್ತನು ಶಿಷ್ಯರನ್ನು ಕೇಳಿಕೊಂಡದ್ದು ತನ್ನೊಡನೆ ಎಚ್ಚರವಾಗಿರಿ ಎಂದಷ್ಟೇ (ಮತ್ತಾಯ 26:38). ಆಧುನಿಕ ಹಾಸ್ಪೀಸ್ ಸೇವೆಗೆ ನಾಂದಿ ಹಾಡಿದ ಸಿಸಿಲಿ ಸಾಂಡರ್ಸ್ ಆ ಕೋರಿಕೆಯಲ್ಲೇ ತಮ್ಮ ಕೆಲಸದ ತಳಹದಿಯನ್ನು ಕಂಡರು. ಮಂಡಳಿಯ ಕೆಲಸ ಸಹಿಯೊಂದಿಗೆ ಮುಗಿಯುತ್ತದೆ. ದಾದಿಯ ಕರೆ ಅಲ್ಲಿಂದ ಆರಂಭವಾಗುತ್ತದೆ. ಆಕೆಯೊಡನೆ ಎಚ್ಚರವಾಗಿರುವುದು ಸಭಾಪಾಲಕರ ಹೊಣೆ.