ಕೈಗಳು ನುಡಿಯುವ ಸಾಕ್ಷಿ: ನೋಡುವ ಬಗೆ

ಸಾಕ್ಷ್ಯಚಿತ್ರಗಳ ರುಚಿ ಈಗಷ್ಟೇ ಹತ್ತಿದವರು ತಪ್ಪದೆ ನೋಡಬೇಕಾದದ್ದು ಅಲೆಕ್ಸ್ ಗಿಬ್ನಿ ನಿರ್ದೇಶನದ ‘ಮೆಯಾ ಮ್ಯಾಕ್ಸಿಮಾ ಕುಲ್ಪಾ’ (2012). ಅಮೆರಿಕದ ಮಿಲ್ವಾಕಿ ಬಳಿಯ ಸೇಂಟ್ ಜಾನ್ಸ್ ಕಿವುಡ ಮಕ್ಕಳ ಶಾಲೆಯಲ್ಲಿ 1950ರಿಂದ 1974ರವರೆಗೆ ಇದ್ದ ಪಾದ್ರಿ ಲಾರೆನ್ಸ್ ಮರ್ಫಿ 200ರಷ್ಟು ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದನೆಂಬ ಆರೋಪ, ಅದನ್ನು ಚರ್ಚಿನ ಹಿರಿಯರು ಮುಚ್ಚಿಟ್ಟ ರೀತಿ ಇದರ ವಸ್ತು.

ಮೊದಲು ಕೈಗಳನ್ನು ನೋಡಿ. ಆ ಶಾಲೆಯಲ್ಲಿ ಓದಿದ ನಾಲ್ವರು, ಚಿತ್ರೀಕರಣದ ಹೊತ್ತಿಗೆ ವಯಸ್ಸಾಗಿದ್ದವರು, ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ. ನಮಗೆ ಕೇಳುವ ದನಿ ನಟರದು. ಅದಕ್ಕೆ ಮಾತ್ರ ಕಿವಿಗೊಟ್ಟರೆ ಅರ್ಧ ಚಿತ್ರ ಕೈತಪ್ಪುತ್ತದೆ. ಅಂಗೈಗೆ ಅಂಗೈ ಬಡಿಯುವ ಸದ್ದು, ಏರುವ ಉಸಿರು, ನೆನಪಿಗೆ ಬಿಗಿಯುವ ಮುಖ: ಸಾಕ್ಷಿ ಇರುವುದೇ ಅಲ್ಲಿ. ಮರ್ಫಿಗೆ ಸನ್ನೆ ಭಾಷೆ ಚೆನ್ನಾಗಿ ಬರುತ್ತಿತ್ತು. ಎಷ್ಟೋ ಹೆತ್ತವರಿಗೆ ಬರುತ್ತಿರಲಿಲ್ಲ. ಆ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಳ್ಳಲೂ ದಾರಿಯಿರಲಿಲ್ಲ. ಇದು ಮನಸ್ಸಿನಲ್ಲಿದ್ದರೆ, ನಿರ್ದೇಶಕ ಆ ಕೈಗಳಿಗೇ ಪರದೆ ಬಿಟ್ಟುಕೊಟ್ಟದ್ದು ಏಕೆಂದು ತಿಳಿಯುತ್ತದೆ.

ಎರಡನೆಯದು ಕಾಗದಪತ್ರ. ಪರದೆಯ ಮೇಲೆ ಪತ್ರ ಬಂದಾಗಲೆಲ್ಲ ಬರೆದವರು ಯಾರು, ಯಾರಿಗೆ, ಯಾವ ತಾರೀಕು ಎಂದು ಗುರುತು ಹಾಕಿಕೊಳ್ಳಿ. 1974ರಲ್ಲಿ ಹಳೆಯ ವಿದ್ಯಾರ್ಥಿಗಳು ಕೆಥೆಡ್ರಲ್ ಮುಂದೆ ನಿಂತು ಮರ್ಫಿಯ ವಿರುದ್ಧ ಕರಪತ್ರ ಹಂಚಿದರು. ಆರ್ಚ್‌ಬಿಷಪ್ ವೀಕ್‌ಲ್ಯಾಂಡ್ ವ್ಯಾಟಿಕನ್ನಿಗೆ, ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರಿಗೆ ಬರೆದದ್ದು 1996ರಲ್ಲಿ. ನಡುವೆ 22 ವರ್ಷ. ಚಿತ್ರ ಬೆರಳು ತೋರುವುದು ಆ ವರ್ಷಗಳತ್ತ.

ಮೂರನೆಯದಾಗಿ, ಪುರಾವೆಯನ್ನೂ ನಟನೆಯನ್ನೂ ಬೇರೆ ಮಾಡಿ ನೋಡಿ. ಇರುಳಿನಲ್ಲಿ ಮಕ್ಕಳ ಮಂಚಗಳ ನಡುವೆ ಪಾದ್ರಿ ಸುಳಿದಾಡುವ ದೃಶ್ಯಗಳು ಮರುಸೃಷ್ಟಿ. ಅವು ಭಯ ಹುಟ್ಟಿಸುತ್ತವೆ, ಏನನ್ನೂ ರುಜುವಾತು ಮಾಡುವುದಿಲ್ಲ. ಚಿತ್ರದ ದುರ್ಬಲ ಭಾಗ ಅದೇ. ನೊಂದವರೇ ಮರ್ಫಿಯ ಮನೆಬಾಗಿಲಿಗೆ ಹೋಗಿ ಅವನನ್ನು ಎದುರಿಸುವ ಹಳೆಯ ವಿಡಿಯೊ ನೋಡಿ. ಅದರಲ್ಲಿ ಅಂದಚೆಂದವಿಲ್ಲ. ಮಕ್ಕಳಾಗಿದ್ದಾಗ ಕೇಳಲಾಗದ ಪ್ರಶ್ನೆಯನ್ನು ದೊಡ್ಡವರಾಗಿ ಕೇಳುವ ಧೈರ್ಯವಿದೆ. ಇಡೀ ಚಿತ್ರದ ಜೀವ ಅಲ್ಲಿದೆ.

ಒಬ್ಬ ದುಷ್ಟನ ಕಥೆಯೆಂದು ನೋಡಿ ಎದ್ದುಬಿಡಬೇಡಿ. ಯಾರಿಗೆ ಗೊತ್ತಿತ್ತು, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದರು ಎಂದು ಕೇಳುತ್ತಲೇ ನೋಡಿ. ಚರ್ಚಿನೊಳಗಿನ ವಿಚಾರಣೆ ಕೊನೆಮುಟ್ಟಲೇ ಇಲ್ಲ. 1998ರಲ್ಲಿ ಮರ್ಫಿ ಪಾದ್ರಿಯಾಗಿಯೇ ಸತ್ತ.