ಮೊದಲು ಗಂಜಿ, ಆಮೇಲೆ ಮದ್ದು

ಜ್ಯೇಷ್ಠಮಧು ಮೂರು ಲಿಯಾಂಗ್ ತೂಕ, ಗೋಧಿ ಒಂದು ಶೆಂಗ್ ಅಳತೆ, ಒಣಗಿಸಿದ ಬೋರೆಹಣ್ಣು ಹತ್ತು. ಆರು ಶೆಂಗ್ ನೀರಿಗೆ ಹಾಕಿ ಮೂರು ಶೆಂಗಿಗೆ ಇಳಿಯುವ ತನಕ ಕುದಿಸಿ, ಬೆಚ್ಚಗಿರುವಾಗ ಮೂರು ಪಾಲು ಮಾಡಿ ಕುಡಿಯಬೇಕು. ಹಾನ್ ರಾಜವಂಶದ ಕೊನೆಗಾಲದ ವೈದ್ಯ ಜಾಂಗ್ ಜೊಂಗ್‌ಜಿಂಗ್ ಹೆಸರಿನಲ್ಲಿ ಉಳಿದುಬಂದಿರುವ ‘ಜಿನ್‌ಗುಯಿ ಯಾವೊಲುವೆ’ ಗ್ರಂಥದ ಕಷಾಯವಿದು. ಸುಮ್ಮಸುಮ್ಮನೆ ದುಃಖ ಉಕ್ಕಿ ಅಳುವ, ಮೈಮೇಲೆ ಏನೋ ಬಂದವರಂತೆ ಆಡುವ, ಪದೇಪದೇ ಆಕಳಿಸುವ ಹೆಂಗಸರಿಗೆಂದು ಹೇಳಿದ್ದು. ಕೊನೆಯಲ್ಲಿ ಒಂದು ಚಿಕ್ಕ ಸೇರ್ಪಡೆಯೂ ಇದೆ: ಇದು ಗುಲ್ಮದ ‘ಚಿ’ಯನ್ನೂ ತುಂಬುತ್ತದಂತೆ. ‘ಚಿ’ ಎಂದರೆ ದೇಹವನ್ನು ನಡೆಸುವ ಕಸುವು.

ಚೀನೀ ಪಥ್ಯಶಾಸ್ತ್ರದ ಜೀವಾಳ ಆ ಸೇರ್ಪಡೆಯಲ್ಲಿದೆ. ಕಸುವಿಗೆ ಒಂದು ಆಹಾರ, ನೆಮ್ಮದಿಗೆ ಇನ್ನೊಂದು ಎಂದು ಅದು ಬೇರ್ಪಡಿಸುವುದಿಲ್ಲ. ಹೊಟ್ಟೆ ಮತ್ತು ಗುಲ್ಮ ಸೇರಿ ಅನ್ನವನ್ನು ಚಿಯಾಗಿ, ರಕ್ತವಾಗಿ ಮಾಡುತ್ತವೆ. ಆ ರಕ್ತದ ಆಸರೆಯಲ್ಲಿ ಹೃದಯದೊಳಗಿನ ‘ಶೆನ್’, ಅಂದರೆ ಮನಸ್ಸು, ನೆಲೆ ನಿಲ್ಲುತ್ತದೆ. ಉಂಡದ್ದು ಮೈಗೆ ಹತ್ತದಿದ್ದರೆ ರಕ್ತ ಸೊರಗುತ್ತದೆ, ಮನಸ್ಸು ಅಲೆಯುತ್ತದೆ, ನಿದ್ದೆ ಕೆಡುತ್ತದೆ. ಆದ್ದರಿಂದ ಸುಸ್ತೆಂದು ಬಂದವರಿಗೂ ನಿದ್ದೆಯಿಲ್ಲವೆಂದು ಬಂದವರಿಗೂ ಅಲ್ಲಿನ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಹಸಿವಿನದೂ ಒಂದು. ಶರೀರಶಾಸ್ತ್ರವಾಗಿ ಈ ಚಿತ್ರ ತಪ್ಪು. ಗುಲ್ಮ ಅನ್ನವನ್ನು ಪಚನ ಮಾಡುವ ಅಂಗವೇ ಅಲ್ಲ. ಆದರೂ ಸೊರಗಿದವರ ಕಳವಳಕ್ಕೆ ಮೊದಲು ಹೊಟ್ಟೆ ನೋಡು ಎಂಬ ಕ್ರಮದಲ್ಲಿ ವಿವೇಕವಿದೆ.

ಈ ಕ್ರಮವನ್ನು ಖಚಿತವಾಗಿ ಹೇಳಿದವನು ತಾಂಗ್ ಕಾಲದ ವೈದ್ಯ ಸುನ್ ಸಿಮಿಯಾವೊ. ಸುಮಾರು 652ರಲ್ಲಿ ಮುಗಿದ ಅವನ ‘ಚಿಯೆನ್‌ಜಿನ್ ಯಾವೊಫಾಂಗ್’ನಲ್ಲಿ ಆಹಾರ ಚಿಕಿತ್ಸೆಗೇ ಒಂದು ಭಾಗ ಮೀಸಲು. ರೋಗದ ಮೂಲ ತಿಳಿದು ಮೊದಲು ಆಹಾರದಿಂದ ನೋಡು, ಅದು ಸೋತಾಗ ಮಾತ್ರ ಮದ್ದಿಗೆ ಕೈ ಹಾಕು ಎನ್ನುವುದು ಅಲ್ಲಿನ ತಾತ್ಪರ್ಯ. ಮದ್ದು ಕೊಡಬಲ್ಲವನೇ ಮದ್ದನ್ನು ಹಿಂದಕ್ಕೆ ಸರಿಸುತ್ತಾನಲ್ಲ, ಅದು ದೊಡ್ಡ ಮಾತು. 1330ರಲ್ಲಿ ಮಂಗೋಲ್ ಆಸ್ಥಾನಕ್ಕೆ ಹು ಸಿಹುಯಿ ಬರೆದುಕೊಟ್ಟ ‘ಯಿನ್‌ಶಾನ್ ಝೆಂಗ್‌ಯಾವೊ’ಗೆ ಬರುವಷ್ಟರಲ್ಲಿ ಗಂಜಿಯ ಪಕ್ಕದಲ್ಲಿ ಕುರಿಮಾಂಸದ ಸಾರು, ಕಡಲೆ, ಇಂಗು ಎಲ್ಲ ಸೇರಿಕೊಂಡಿವೆ. ಚಕ್ರವರ್ತಿಯ ನಾಲಗೆಯ ಮುಂದೆ ಪಥ್ಯ ಎಷ್ಟು ಬೇಗ ಬಾಗುತ್ತದೆ ನೋಡಿ!

ನನ್ನ ಮೆಚ್ಚುಗೆ ಮನೆಯ ಒಲೆಯ ಮೇಲಿನ ಪಾತ್ರೆಗೆ. ಅಕ್ಕಿ ಅರಳಿ ಕರಗುವವರೆಗೆ ಬೇಯಿಸಿದ ಗಂಜಿ. ಅದಕ್ಕೆ ಕಮಲದ ಬೀಜ, ಲಿಲಿ ಗಡ್ಡೆಯ ಎಸಳು, ಹೆನಾನ್ ಕಡೆಯ ಬಿಳಿ ಗೆಣಸು, ನಾಲ್ಕು ಬೋರೆಹಣ್ಣು, ನಿಂಗ್‌ಶಿಯಾದ ಗೋಜಿ ಹಣ್ಣು. ಕಮಲದ ಬೀಜವನ್ನು ಎರಡು ಹೋಳು ಮಾಡಿದರೆ ನಡುವೆ ಹಸಿರು ಮೊಳಕೆಯೊಂದು ಸಿಗುತ್ತದೆ, ಬಾಯಿಗಿಟ್ಟರೆ ಕಡುಕಹಿ. ಗಂಜಿಗೆ ಬೀಜ ಹಾಕುವಾಗ ಸಾಮಾನ್ಯವಾಗಿ ಅದನ್ನು ಕಿತ್ತುಬಿಡುತ್ತಾರೆ. ಎದೆಯೊಳಗೆ ‘ಬೆಂಕಿ’ ಎದ್ದು ನಿದ್ದೆ ಬಾರದವರಿಗೆ ಆ ಮೊಳಕೆಯನ್ನೇ ಬಿಸಿನೀರಿಗೆ ಹಾಕಿ ಕುಡಿಸುತ್ತಾರೆ. ಒಂದೇ ಬೀಜದ ತಿರುಳು ಬಲಕ್ಕೆ, ಮೊಳಕೆ ತಂಪಿಗೆ. ಇಷ್ಟು ಹತ್ತಿರದಿಂದ ಆಹಾರವನ್ನು ನೋಡಿದ ಸಂಪ್ರದಾಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸೋಮಾರಿತನ. ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಎಂದು ಕೇಳಿ ಬೆಳೆದ ನಮಗೆ ಈ ಭಾಷೆಯೇನೂ ಹೊಸದಲ್ಲ.

ಹಾಗೆಂದು ಪೂರ್ತಿ ಅಂಕ ಕೊಡಲಾರೆ. ನಿದ್ದೆಗೆಟ್ಟವರಲ್ಲಿ ಒಬ್ಬರಿಗೆ ರಕ್ತದ ಕೊರತೆ, ಇನ್ನೊಬ್ಬರಿಗೆ ಯಕೃತ್ತಿನ ಬೆಂಕಿ, ಮತ್ತೊಬ್ಬರಿಗೆ ಕಫ ಎಂದು ಈ ಶಾಸ್ತ್ರ ವಿಂಗಡಿಸುತ್ತದೆ. ಮೊದಲಿನವರಿಗೆ ಲೊಂಗಾನ್ ಹಣ್ಣು ಹಿತ, ಎರಡನೆಯವರಿಗೆ ಅದೇ ಉಷ್ಣ, ಅವರಿಗೆ ಸೇವಂತಿಗೆ ಚಹಾ. ಕೇಳಲು ಸೊಗಸು. ತೊಂದರೆ ಎಲ್ಲಿದೆಯೆಂದರೆ, ಚಿಕಿತ್ಸೆ ಫಲಿಸಿದರೆ ಶಾಸ್ತ್ರ ಸರಿ, ಫಲಿಸದಿದ್ದರೆ ವಿಂಗಡಣೆ ತಪ್ಪು. ಶಾಸ್ತ್ರ ಎಂದೂ ಸೋಲುವುದೇ ಇಲ್ಲ. ಗೋಧಿ, ಬೋರೆಹಣ್ಣಿನ ಆ ಕಷಾಯದ ಮೇಲೆ ಚೀನಾದಲ್ಲಿ ಪ್ರಯೋಗಗಳೇನೋ ಆಗಿವೆ. ಹೆಚ್ಚಿನವು ಸಣ್ಣವು, ಗುಣಮಟ್ಟ ಅಷ್ಟಕ್ಕಷ್ಟೆ. ಜೊತೆಗೆ ಈಗ ಜಾಲತಾಣಗಳಲ್ಲಿ ಹರಿದಾಡುವ ‘ಶಾಂತಿಗೆ ಹತ್ತು ಚೀನೀ ಆಹಾರ’ದಂಥ ಪಟ್ಟಿಗಳು ಆ ವಿಂಗಡಣೆಯನ್ನೂ ಬಿಟ್ಟು, ಎಲ್ಲರಿಗೂ ಎಲ್ಲವನ್ನೂ ತಿನ್ನಿಸುತ್ತವೆ. ಶಾಸ್ತ್ರದ ಜಾಣ್ಮೆ ಹೋಯಿತು, ಸಾಮಾನು ಉಳಿಯಿತು.

ಸಾಮಾನಿನ ಕಥೆಯಂತೂ ಕಹಿ. ರಕ್ತ ತುಂಬುತ್ತದೆ, ನಿದ್ದೆ ತರುತ್ತದೆ ಎಂದು ಹೆಸರಾದ ‘ಎಜಿಯಾವೊ’ ಕತ್ತೆಯ ತೊಗಲನ್ನು ಕುದಿಸಿ ತೆಗೆದ ಅಂಟು. ಶಾನ್‌ಡೊಂಗ್ ಪ್ರಾಂತ್ಯದ ಡೊಂಗ್‌ಎ ಇದರ ಊರು. ಹಿಂದೆ ಅರಮನೆಯ ವಸ್ತು, ಇಂದು ಮಧ್ಯಮ ವರ್ಗದ ಉಡುಗೊರೆ ಡಬ್ಬಿ. 1990ರ ದಶಕದ ಆರಂಭದಲ್ಲಿ ಚೀನಾದಲ್ಲಿ ಸುಮಾರು 1.1 ಕೋಟಿ ಕತ್ತೆಗಳಿದ್ದವು. ಈಗ ಅದರ ಐದನೇ ಒಂದು ಪಾಲೂ ಉಳಿದಿಲ್ಲ. ಟ್ರ್ಯಾಕ್ಟರು, ಲಾರಿ ಬಂದದ್ದೂ ಇದಕ್ಕೆ ಕಾರಣವೇ. ಆದರೆ ಮನೆಯಂಗಳದ ಕತ್ತೆ ಸಾಲದೆ ಬಂದಾಗ ಬೇಡಿಕೆ ಆಫ್ರಿಕಾಕ್ಕೆ ಕೈ ಚಾಚಿತು. ನೀರು, ಸೌದೆ ಹೊರುವ ಕತ್ತೆ ಕಳುವಾದರೆ ಅಲ್ಲಿ ಆ ಹೊರೆ ಬೀಳುವುದು ಹೆಂಗಸರ ತಲೆಯ ಮೇಲೆ. 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ ತೊಗಲಿಗಾಗಿ ಕತ್ತೆ ಕಡಿಯುವುದಕ್ಕೆ ತಡೆ ಹಾಕಿತು. ಇಷ್ಟೆಲ್ಲ ಆಗಿ ಡಬ್ಬಿಯೊಳಗೆ ಇರುವುದೇನು? ಮುಖ್ಯವಾಗಿ ಜೆಲಟಿನ್. ನಿದ್ದೆ, ನೆಮ್ಮದಿಯಲ್ಲಿ ಪಾತ್ರವಿರುವ ಸೆರೊಟೊನಿನ್ ಅನ್ನು ದೇಹ ತಯಾರಿಸಲು ಬೇಕಾದ ಟ್ರಿಪ್ಟೊಫ್ಯಾನ್ ಜೆಲಟಿನ್‌ನಲ್ಲಿ ಇಲ್ಲವೇ ಇಲ್ಲ. ಒಬ್ಬರ ನಿದ್ದೆಗಾಗಿ ಇನ್ನೊಬ್ಬರ ಜೀವನಾಧಾರ ಕೀಳುವುದನ್ನು ಪಥ್ಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಸುನ್ ಸಿಮಿಯಾವೊ ಕೂಡ ಒಪ್ಪುತ್ತಿರಲಿಲ್ಲ ಅನಿಸುತ್ತದೆ. ಪ್ರಾಣಿಯ ಜೀವ ತೆಗೆದು ಮನುಷ್ಯನ ಜೀವ ಉಳಿಸುವ ಮದ್ದಿನ ಬಗ್ಗೆ ಅವನಿಗೇ ಅಳುಕಿತ್ತು.

ಆದ್ದರಿಂದ ನನ್ನ ಮತ ಗಂಜಿಗೆ, ಡಬ್ಬಿಗಲ್ಲ. ಗಂಜಿ ಹೊಟ್ಟೆಗೆ ಹಗುರ, ಜೇಬಿಗೂ ಹಗುರ, ಬಿಸಿಯಾಗಿ ನಿಧಾನ ಕುಡಿಯಲೇಬೇಕು. ರಾತ್ರಿಯ ಊಟ ಭಾರವಾಗದಿದ್ದರೆ ನಿದ್ದೆಗೆ ಅದರಿಂದಲೇ ಅರ್ಧ ಉಪಕಾರ.

ಬೆಂಗಳೂರಿನ ಅಂಗಡಿಗಳಲ್ಲೂ ಈಗ ಗೋಜಿಯ ಪೊಟ್ಟಣಗಳು ಸಿಗುತ್ತವೆ. ಕೊಳ್ಳುವವರಿಗೆ ಎರಡು ಮಾತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಗೋಜಿಯಿಂದ ರಕ್ತಸ್ರಾವವಾದ ಪ್ರಕರಣಗಳು ದಾಖಲಾಗಿವೆ. ಜ್ಯೇಷ್ಠಮಧುವನ್ನು ದಿನಗಟ್ಟಲೆ ಕುಡಿದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಈ ಎರಡರಲ್ಲಿ ಯಾವುದನ್ನು ಶುರು ಮಾಡುವುದಿದ್ದರೂ ಮೊದಲು ನಿಮ್ಮ ಡಾಕ್ಟರಿಗೆ ತಿಳಿಸಿ.